ಹಳೆ ಯುದ್ಧವಿಮಾನ ಹಾರುತ್ತೆ ಅಂತ ದುಡ್ಡು ಕೇಳಿದರೆ ಕೊಡಬೇಡಿ

ತಮಿಳುನಾಡಿನ ಗಡಿಯಲ್ಲಿರುವ ನಮ್ಮ ತಳಿ, ಡೆಂಕಣಿಕೋಟೆ, ಹೊಸೂರು ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಮೂರು ದಿನದಿಂದ ಒಂದು ಪೋಸ್ಟರ್ ಓಡಾಡುತ್ತಿದೆ. ಮಿಗ್-21, ಹಂಟರ್, ಮಾರುತ್ ಹಾರಾಟವನ್ನು ಹತ್ತಿರದಿಂದ ನೋಡಿ, ಫೋಟೊ ತೆಗೆಯಿರಿ, ಸೀಟು ಕಮ್ಮಿ ಇವೆ, ಈಗಲೇ ಬುಕ್ ಮಾಡಿ ಅಂತ. ದಯವಿಟ್ಟು ಯಾರೂ ದುಡ್ಡು ಹಾಕಬೇಡಿ. ಇಂಥದೇ ಒಂದು ಪೋಸ್ಟರ್ ನಂಬಿ 2025ರ ಫೆಬ್ರವರಿಯಲ್ಲಿ ನಾನು 15,500 ರೂಪಾಯಿ ಕಳೆದುಕೊಂಡೆ. ದುಡ್ಡು ಹೋದರೆ ಹೋಗಲಿ, 74 ವರ್ಷದ ನನ್ನ ಸೋದರಮಾವನನ್ನು ಬಿಸಿಲಿನಲ್ಲಿ ಅಲೆಸಿ, ಕೊನೆಗೆ ಪೊಲೀಸರ ಮುಂದೆ ನಿಲ್ಲಿಸಿದೆನಲ್ಲ, ಅದು ಇವತ್ತಿಗೂ ನೋಯುತ್ತದೆ.

ಮಾವ ಬೆಂಗಳೂರಿನ ಎಚ್‌ಎಎಲ್‌ನ ಎಂಜಿನ್ ವಿಭಾಗದಲ್ಲಿ ಕೆಲಸ ಮಾಡಿದವರು. ಆರ್ಫಿಯಸ್ ಎಂಜಿನ್ ಬಿಚ್ಚಿ, ತೊಳೆದು, ಪರೀಕ್ಷೆ ಮಾಡಿ ಮತ್ತೆ ಜೋಡಿಸುವ ಕೆಲಸ. ನ್ಯಾಟ್, ಮಾರುತ್, ಕಿರಣ್ ಮಾರ್ಕ್ 2, ಇವೆಲ್ಲ ಆ ಎಂಜಿನ್ನಿನ ಮೇಲೇ ಹಾರಿದವು. ವಾಯುಪಡೆಯ ಕಸರತ್ತು ಹಾರಾಟದ ಸೂರ್ಯಕಿರಣ ತಂಡ 1996ರಲ್ಲಿ ಶುರುವಾದಾಗ ಅವರ ಹತ್ತಿರ ಇದ್ದದ್ದೂ ಕಿರಣ್ ಮಾರ್ಕ್ 2 ವಿಮಾನಗಳೇ. 2011ರಲ್ಲಿ ಆ ತಂಡ ಕಿರಣ್ ಬಿಟ್ಟಿತು, ಅದೇ ವರ್ಷ ಮಾವ ನಿವೃತ್ತರಾಗಿ ತಳಿಗೆ ಬಂದರು. ನನಗೆ ಫೋಟೊ ಹುಚ್ಚು. ಹಕ್ಕಿ ಫೋಟೊ ತೆಗೆಯುತ್ತಾ ತೆಗೆಯುತ್ತಾ ವಿಮಾನಕ್ಕೆ ಬಂದವಳು ನಾನು. ಮಾವ ಮುಟ್ಟಿದ ಎಂಜಿನ್ನಿನ ವಿಮಾನ ಹಾರುವಾಗ ಪಕ್ಕದಲ್ಲಿ ಅವರನ್ನೂ ನಿಲ್ಲಿಸಿ ಒಂದು ಫೋಟೊ ತೆಗೆಯಬೇಕು ಅಂತ ಬಹಳ ವರ್ಷದ ಆಸೆ ಇತ್ತು. ಆ ಪೋಸ್ಟರ್ ನೋಡಿದಾಗ ನಾನು ಬಿದ್ದದ್ದು ಅದಕ್ಕೇ.

ಪೋಸ್ಟರ್ ತೋರಿಸಿದಾಗ ಮಾವ ಅಲ್ಲೇ ಹೇಳಿದ್ದರು. "ಮಾರುತ್ ಎಲ್ಲಿ ಹಾರುತ್ತಮ್ಮ? ಅದನ್ನ 1990ರಲ್ಲೇ ನಿಲ್ಲಿಸಿದರಲ್ಲ."

ನಾನು ಕೇಳಲಿಲ್ಲ. ಪೋಸ್ಟರ್ ಹಾಕಿದ್ದ ಟೂರಿನವನಿಗೆ ಫೋನ್ ಮಾಡಿದೆ. ಅವನ ಹತ್ತಿರ ಉತ್ತರ ರೆಡಿ ಇತ್ತು. "ಅಕ್ಕಾ, ಡಕೋಟಾ ಹಾರಲಿಲ್ವಾ? ಹಂಗೇ ಇದನ್ನೂ ರಿಪೇರಿ ಮಾಡಿ ತಂದಿದ್ದಾರೆ" ಅಂದ. ಡಕೋಟಾ ವಿಷಯ ನಿಜವೇ. ಗುಜರಿಯಿಂದ ಎತ್ತಿ ಬ್ರಿಟನ್ನಿನಲ್ಲಿ ಸರಿಮಾಡಿಸಿದ ಒಂದು ಡಕೋಟಾ 2018ರಲ್ಲಿ ವಾಯುಪಡೆಗೆ ಬಂತು, ಪರಶುರಾಮ ಅಂತ ಹೆಸರಿಟ್ಟರು, ಅದು ಈಗಲೂ ಪ್ರದರ್ಶನಗಳಲ್ಲಿ ಹಾರುತ್ತದೆ. ನಿಜದ ಜೊತೆ ಸುಳ್ಳನ್ನು ಹೀಗೆ ಸೇರಿಸಿದರೆ ನಂಬದೇ ಇರೋದು ಕಷ್ಟ. ಆದರೆ ಡಕೋಟಾ ಪ್ರೊಪೆಲರ್ ವಿಮಾನ. ಹಳೆಯ ಜೆಟ್ಟನ್ನು ಮತ್ತೆ ಹಾರಿಸುವುದು ಬೇರೆಯೇ ಕಥೆ. ಎಂಜಿನ್ನಿನ ಒಂದೊಂದು ಭಾಗಕ್ಕೂ ಇಷ್ಟು ಗಂಟೆ ಅಂತ ಆಯಸ್ಸು ಇರುತ್ತದೆ, ಪೈಲಟ್ಟನ್ನು ಹೊರಗೆ ಚಿಮ್ಮಿಸುವ ಸೀಟಿನ ಸಿಡಿಮದ್ದಿಗೂ ಅವಧಿ ಇರುತ್ತದೆ, ಅದು ಮುಗಿದ ಮೇಲೆ ಯಾರೂ ಆ ಸೀಟಿನಲ್ಲಿ ಕೂರುವ ಹಾಗಿಲ್ಲ. ಇದನ್ನೆಲ್ಲ ಮಾವ ಆಮೇಲೆ ಹೇಳಿದ್ದು. ಮೊದಲೇ ಕೂತು ಕೇಳಬೇಕಿತ್ತು.

ಹಾಗಾಗಿ ಈ ವರ್ಷಗಳನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ. ನಮ್ಮ ವಾಯುಪಡೆಯಲ್ಲಿ ಮಾರುತ್ 1990ಕ್ಕೆ ನಿಂತಿತು. ನ್ಯಾಟ್‌ನ ತಮ್ಮ ಅಜೀತ್ 1991ಕ್ಕೆ. ಹಂಟರ್ 2001ಕ್ಕೆ, ಕ್ಯಾನ್‌ಬೆರಾ 2007ರ ಮೇ ತಿಂಗಳಿಗೆ. 1963ರಲ್ಲಿ ಬಂದ ಮಿಗ್-21ಕ್ಕೆ 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಿದಾಯ ಹೇಳಿದರು. ಈ ಸಲದ ಪೋಸ್ಟರಿನಲ್ಲಿ "ಮಿಗ್-21 ಕೊನೆಯ ಹಾರಾಟ" ಅಂತ ದೊಡ್ಡದಾಗಿ ಹಾಕಿದ್ದಾರೆ. ಕೊನೆಯ ಹಾರಾಟ ಮುಗಿದೇ ಹೋಗಿದೆ.

ನಾನು ಕಟ್ಟಿದ್ದು ಹೀಗೆ: ತಲೆಗೆ 4,500ರಂತೆ ಇಬ್ಬರಿಗೆ 9,000, ದೊಡ್ಡ ಲೆನ್ಸ್ ಬಾಡಿಗೆ 1,500, ಲೆನ್ಸಿಗೆ ಅಡ್ವಾನ್ಸ್ 5,000. ಪೋಸ್ಟರಿನಲ್ಲಿದ್ದ ಹೆಸರೇ ಬೇರೆ, ಯುಪಿಐನಲ್ಲಿ ಬಂದ ಹೆಸರೇ ಬೇರೆ. ನೋಡಿದೆ, ಮನಸ್ಸಿಗೆ ಒಂಥರಾ ಅನಿಸಿತು, ಆದರೂ ಕಳಿಸಿದೆ. ಅವನು ಕರೆದುಕೊಂಡು ಹೋಗುತ್ತೇನೆ ಅಂದದ್ದು ಯಲಹಂಕ ವಾಯುನೆಲೆಯ ಏರೋ ಇಂಡಿಯಾ ವಿಮಾನ ಪ್ರದರ್ಶನಕ್ಕೆ. ಇನ್ನೊಂದು ವಿಷಯ, ಆ ವರ್ಷ ಅಲ್ಲಿ ಬಯಲಿನಿಂದ ಹಾರಾಟ ನೋಡುವ ಪಾಸು ಬರೀ 1,000 ರೂಪಾಯಿ, ಒಳಗೆ ಮಳಿಗೆ ಎಲ್ಲ ನೋಡುವ ಪಾಸು 2,500. ಏರೋ ಇಂಡಿಯಾದ ಸ್ವಂತ ವೆಬ್‌ಸೈಟಿನಲ್ಲೇ ಸಿಗುತ್ತಿತ್ತು. ಫೋಟೊಗ್ರಾಫರುಗಳಿಗೆ ಅಂತ ಬೇರೆ ಜಾಗ ಇದೆ, ಅದರ ಪಾಸು ತನ್ನ ಹತ್ತಿರ ಮಾತ್ರ ಇದೆ ಅಂತ ಅವನು ಹೇಳಿದ್ದು ಪೂರ್ತಿ ಸುಳ್ಳು.

ಫೆಬ್ರವರಿ 14, ಶುಕ್ರವಾರ. ಹೊಸೂರು ಬಸ್ ನಿಲ್ದಾಣದ ಹತ್ತಿರ ಬೆಳಗಿನ ಜಾವ ನಾಲ್ಕಕ್ಕೆ ಟೆಂಪೊ ಟ್ರಾವೆಲರ್ ಬಂತು. ನಾವು 14 ಜನ. ಟೂರಿನವನು ಬಂದಿರಲಿಲ್ಲ, ಡ್ರೈವರ್ ಮಾತ್ರ. ಪಾಸುಗಳನ್ನು ಹಿಂದಿನ ರಾತ್ರಿ ಹನ್ನೊಂದಕ್ಕೆ ಮೊಬೈಲಿಗೆ ಕಳಿಸಿದ್ದ, ನೋಡಿ ವಿಚಾರಿಸಲು ಟೈಮೇ ಕೊಟ್ಟಿರಲಿಲ್ಲ. ಅತ್ತಿಬೆಲೆ ದಾಟಿ, ಊರೆಲ್ಲ ಸುತ್ತಿ ಬಳ್ಳಾರಿ ರಸ್ತೆ ಹಿಡಿಯುವಷ್ಟರಲ್ಲಿ ಗಾಡಿಗಳ ಸಾಲು. ದಾರಿಯಲ್ಲಿ ಡ್ರೈವರ್ ಒಂದು ಒಣಹುಲ್ಲಿನ ಬಯಲಿನಲ್ಲಿ ಗಾಡಿ ನಿಲ್ಲಿಸಿ ಬೀಡಿ ಹಚ್ಚಿದ. ಮಾವ ಇಳಿದು ಹೋಗಿ ಆರಿಸಿಸಿದರು. 2019ರ ಫೆಬ್ರವರಿ 23ರಂದು ಇದೇ ಪ್ರದರ್ಶನದ ಪಾರ್ಕಿಂಗಿನಲ್ಲಿ ಒಣಹುಲ್ಲಿಗೆ ಬೆಂಕಿ ಬಿದ್ದು ಸುಮಾರು 300 ಕಾರು ಸುಟ್ಟುಹೋದದ್ದು ಅವರು ಮರೆತಿರಲಿಲ್ಲ.

ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಗಾಡಿ ಬಿಟ್ಟು ಬಸ್ಸು ಹತ್ತಿ ಗೇಟಿಗೆ ಹೋದೆವು. ನಮ್ಮಲ್ಲಿ ಮೊದಲು ನಿಂತಿದ್ದ ಹುಡುಗ ಒಳಗೆ ಹೋದ. ಎರಡನೆಯವನಿಗೆ ಕೆಂಪು ದೀಪ. ಮೂರನೆಯವರಿಗೂ ಅದೇ. ನನ್ನ ಸರದಿ ಬಂದಾಗ ಗೇಟಿನಲ್ಲಿದ್ದವರು ನನ್ನ ಮೊಬೈಲನ್ನೂ ಹಿಂದಿದ್ದವರ ಮೊಬೈಲನ್ನೂ ಪಕ್ಕಪಕ್ಕ ಹಿಡಿದು ತೋರಿಸಿದರು. ಎರಡರಲ್ಲೂ ಒಂದೇ ಕ್ಯೂಆರ್ ಕೋಡ್! 14 ಜನಕ್ಕೆ ಅವನು ತೆಗೆದುಕೊಂಡಿದ್ದು ಒಂದೇ ಒಂದು ಪಾಸು, ಮಿಕ್ಕವೆಲ್ಲ ಅದರದೇ ಕಾಪಿ. ಮೊದಲು ಸ್ಕ್ಯಾನ್ ಆದವನು ಒಳಗೆ, ಉಳಿದವರೆಲ್ಲ ಹೊರಗೆ. ಗುಂಪಿನಲ್ಲಿ ಹೋಗುವವರು ಹಿಂದಿನ ದಿನವೇ ಒಬ್ಬರದೊಬ್ಬರು ಪಾಸು ಹೋಲಿಸಿ ನೋಡಿ. ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಟೂರಿನವನ ಫೋನ್ ಸ್ವಿಚ್ ಆಫ್.

ಆಗಲೇ ತಿರುಗಿ ಮನೆಗೆ ಬಂದಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಡ್ರೈವರ್ ಯಾರಿಗೋ ಫೋನ್ ಮಾಡಿ, "ಗೋಡೆ ಪಕ್ಕದಲ್ಲೇ ಒಂದು ಬಿಲ್ಡಿಂಗ್ ಇದೆ ಮೇಡಂ, ಮೇಲಿಂದ ಇನ್ನೂ ಚೆನ್ನಾಗಿ ಕಾಣುತ್ತೆ" ಅಂದ. ತಲೆಗೆ 500. ಕಟ್ಟುತ್ತಿದ್ದ ಕಟ್ಟಡ, ಮೆಟ್ಟಿಲಿಗೆ ಕಂಬಿ ಇಲ್ಲ, ನೆರಳಿಲ್ಲ. ಮಾವ ಗೋಡೆ ಹಿಡಿದುಕೊಂಡು ನಾಲ್ಕು ಮಹಡಿ ಹತ್ತಿದರು. ಯಾರೋ ಅಲ್ಲಿ ಬಿರಿಯಾನಿ ತಿಂದು ಪೊಟ್ಟಣ ಎಸೆದಿದ್ದರು, ಮೇಲೆ ಹದ್ದುಗಳು ಸುತ್ತುತ್ತಿದ್ದವು. ಹದ್ದು ಎಂಜಿನ್ನಿಗೆ ಬಡಿದರೆ ಏನಾಗುತ್ತದೆ ಅಂತ ಮಾವನಿಗೆ ಗೊತ್ತು. ಅದೇ ಭಯಕ್ಕೆ ಆ ಸಲ ಸುತ್ತ 13 ಕಿಲೋಮೀಟರ್ ದೂರದವರೆಗೆ ಮಾಂಸ ಮಾರುವುದನ್ನೇ ನಿಲ್ಲಿಸಿದ್ದರು. ಅವರು ಸುಮ್ನೆ ಆ ಪೊಟ್ಟಣಗಳನ್ನೆಲ್ಲ ಬಾಗಿ ಬಾಗಿ ಆರಿಸಿ ಚೀಲಕ್ಕೆ ಹಾಕಿದರು.

ಅರ್ಧ ಗಂಟೆಯಲ್ಲಿ ಪೊಲೀಸರು ಬಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರು ಹೇಳಿದ್ದು ಸರಿ. ಪ್ರದರ್ಶನದ ಒಳಗೆ ಜನರಿಗೆ ಬಿಟ್ಟ ಜಾಗದಿಂದ ವಿಮಾನದ ಫೋಟೊ ತೆಗೆಯುವುದು ಬೇರೆ, ವಾಯುನೆಲೆಯ ಗೋಡೆ ಆಚೆಯಿಂದ ಉದ್ದ ಲೆನ್ಸ್ ಹಾಕಿ ಒಳಗಿನದನ್ನು ತೆಗೆಯುವುದು ಬೇರೆ. 1923ರ ಅಧಿಕೃತ ರಹಸ್ಯಗಳ ಕಾಯ್ದೆಯಲ್ಲಿ ವಾಯುನೆಲೆ ನಿಷೇಧಿತ ಜಾಗ. ಲೆನ್ಸ್ ಪರೀಕ್ಷೆ ಮಾಡೋಣ ಅಂತ ನಾನು ತೆಗೆದಿದ್ದ ನಾಲ್ಕೈದು ಫೋಟೊಗಳಲ್ಲಿ ಒಳಗಿನ ಶೆಡ್ಡುಗಳಿದ್ದವು. ಎಲ್ಲರ ಕಾರ್ಡೂ ನೋಡಿದರು, ಅಳಿಸಿದರು, ಹೆಸರು ವಿಳಾಸ ಬರೆದುಕೊಂಡರು. ತಮಿಳುನಾಡು ವಿಳಾಸ ಅಂತ ಎರಡೆರಡು ಸಲ ಕೇಳಿದರು. 39 ವರ್ಷ ಕೆಲಸ ಮಾಡಿದ ಮಾವ ತಮ್ಮ ಹಳೆಯ ಗುರುತಿನ ಚೀಟಿಯನ್ನು ಜೇಬಿನಿಂದ ತೆಗೆದು, ತೋರಿಸದೆ ಮತ್ತೆ ಒಳಗೆ ಇಟ್ಟುಕೊಂಡರು. ನಾನು ನೋಡಿದೆ.

ಕೆಳಗೆ ಇಳಿದು ಬರುವಾಗ ಅವರಿಗೆ ತಲೆ ಸುತ್ತಿತು. ರಸ್ತೆ ಬದಿ ಒಂದು ಅಂಗಡಿ ನೆರಳಿನಲ್ಲಿ ಕೂರಿಸಿ ಮಜ್ಜಿಗೆ ಕೊಡಿಸಿದೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಇದನ್ನು ಹಗುರ ಮಾಡಬೇಡಿ. 2024ರ ಅಕ್ಟೋಬರ್ 6ರಂದು ಚೆನ್ನೈ ಮರೀನಾ ಕಡಲತೀರದ ವಿಮಾನ ಪ್ರದರ್ಶನಕ್ಕೆ ಹೋದವರಲ್ಲಿ 5 ಜನ ತೀರಿಕೊಂಡರು. ಆವತ್ತೂ ಹೀಗೇ ಬಿಸಿಲು, ನೂಕುನುಗ್ಗಲು. ಟೋಪಿ, ನೀರು, ಉಪ್ಪು ಸಕ್ಕರೆ ಹಾಕಿದ ನಿಂಬೆ ಪಾನಕ ಕ್ಯಾಮೆರಾಕ್ಕಿಂತ ಮೊದಲು ಚೀಲಕ್ಕೆ ಹೋಗಬೇಕು.

ಅಷ್ಟರಲ್ಲಿ ಸೂರ್ಯಕಿರಣ ತಂಡ ಮೇಲೆ ಬಂತು. ಈಗ ಅವರದು ಹಾಕ್ ವಿಮಾನ, ಒಂಬತ್ತು. ನಾನು ಕ್ಯಾಮೆರಾ ಎತ್ತಲಿಲ್ಲ. ಮಾವ ತಲೆ ಎತ್ತಿಯೂ ನೋಡಲಿಲ್ಲ, ಕಣ್ಣು ಮುಚ್ಚಿ ಕೇಳಿಸಿಕೊಂಡರು. "ಇದು ಅಡೋರ್ ಎಂಜಿನ್ ಕಣಮ್ಮ. ನಮ್ಮ ಆರ್ಫಿಯಸ್ ಇಷ್ಟು ಮೆತ್ತಗೆ ಕೂಗುತ್ತಿರಲಿಲ್ಲ" ಅಂದರು.

ಲೆನ್ಸಿನ ವಿಷಯ ಬೇಗ ಹೇಳಿಬಿಡುತ್ತೇನೆ. ಬೆಳಿಗ್ಗೆ ಕತ್ತಲಲ್ಲಿ ಡ್ರೈವರ್ ಕೈಯಿಂದ ತೆಗೆದುಕೊಂಡಿದ್ದು, ಒಳಗೆ ಬೂಷ್ಟು ಹಿಡಿದಿತ್ತು, ಫೋಕಸ್ ನಿಲ್ಲುತ್ತಿರಲಿಲ್ಲ. ವಾಪಸ್ ಕೊಟ್ಟ ಮೇಲೆ "ಗೀರು ಬಿದ್ದಿದೆ" ಅಂತ ಒಂದು ಮೆಸೇಜ್ ಬಂತು, ಅಡ್ವಾನ್ಸ್ ಬರಲಿಲ್ಲ. ಬಾಡಿಗೆ ಲೆನ್ಸ್ ತೆಗೆದುಕೊಳ್ಳುವಾಗ ಮೊಬೈಲ್ ಟಾರ್ಚ್ ಹಿಂದಿನಿಂದ ಬಿಟ್ಟು ಒಳಗೆ ನೋಡಿ, ಕೊಡುವವರ ಎದುರಿಗೇ ವಿಡಿಯೊ ಮಾಡಿಕೊಳ್ಳಿ. ಇಷ್ಟಕ್ಕೂ ಹತ್ತು ಗಂಟೆ ದಾಟಿದ ಮೇಲೆ ರನ್‌ವೇ ಮೇಲಿನ ಬಿಸಿಗಾಳಿಯಲ್ಲಿ ತಗ್ಗಿನಲ್ಲಿರುವ ವಿಮಾನ ನೀರಿನೊಳಗೆ ಇದ್ದ ಹಾಗೆ ಅಲುಗುತ್ತದೆ, ಅದಕ್ಕೆ ಎಷ್ಟು ದುಬಾರಿ ಲೆನ್ಸ್ ಹಾಕಿದರೂ ಪ್ರಯೋಜನ ಇಲ್ಲ.

ಇನ್ನು ದೂರು. ನಾಲ್ಕು ದಿನ "ಇವತ್ತು ಹಾಕ್ತೀನಿ, ನಾಳೆ ಹಾಕ್ತೀನಿ" ಅಂತ ಅವನ ಮೆಸೇಜ್ ನಂಬಿ ಕೂತೆ. ಆಮೇಲೆ ಸೈಬರ್ ಮೋಸದ ದೂರಿನ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆ. ಅಷ್ಟರಲ್ಲಿ ಹಣ ಆ ಖಾತೆಯಿಂದ ಮುಂದಕ್ಕೆ ಹೋಗಿಯಾಗಿತ್ತು. ಆ ನಂಬರಿಗೆ ಮೊದಲ ಗಂಟೆಯಲ್ಲೇ ಫೋನ್ ಮಾಡಿದರೆ ಖಾತೆಯಲ್ಲೇ ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ಗಡಿಯಲ್ಲಿರುವ ನಮಗೆ ಇನ್ನೊಂದು ಗೊಂದಲ ಇರುತ್ತದೆ ಅಲ್ವಾ, ದುಡ್ಡು ಕಟ್ಟಿದ್ದು ತಮಿಳುನಾಡಿನಲ್ಲಿ, ಮೋಸ ಆದದ್ದು ಕರ್ನಾಟಕದಲ್ಲಿ, ಎಲ್ಲಿಗೆ ಹೋಗೋದು ಅಂತ. 1930 ದೇಶಕ್ಕೆಲ್ಲ ಒಂದೇ. ಠಾಣೆಗೆ ಹೋಗುವುದಾದರೂ ಯಾವ ಠಾಣೆಯಲ್ಲಾದರೂ ಝೀರೊ ಎಫ್‌ಐಆರ್ ಮಾಡಿಸಬಹುದು, ಅವರು ಅದನ್ನು ಸಂಬಂಧಪಟ್ಟ ಠಾಣೆಗೆ ಕಳಿಸುತ್ತಾರೆ. ಈ ಗೊಂದಲದಲ್ಲೇ ನನ್ನ ಎರಡು ದಿನ ಹೋಯಿತು.

ನಿಜವಾದ ಮಾರುತ್ ನೋಡಬೇಕು ಅನ್ನುವವರು ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿರುವ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಹೋಗಿ. ಹಾರುವುದಿಲ್ಲ, ನಿಂತಿದೆ. ಮಾರ್ಚ್‌ನಲ್ಲಿ ಮಾವನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ನನಗೆ ಬೇಕಿದ್ದ ಫೋಟೊ ಅಲ್ಲಿ ಸಿಕ್ಕಿತು, ಮಾವ ಬಾಲದ ಹತ್ತಿರ ನಿಂತು ಎಂಜಿನ್ ಇರುವ ಜಾಗ ಬೆರಳಲ್ಲಿ ತೋರಿಸುತ್ತಿರುವುದು.

ಈಗ ಬಂದಿರುವ ಪೋಸ್ಟರಿನಲ್ಲಿ ಫೋನ್ ನಂಬರ್ ಬೇರೆ, ಟೂರಿನ ಹೆಸರೂ ಬೇರೆ. ಆದರೆ ನಿನ್ನೆ ಮಾವನಿಗೆ ತೋರಿಸಿದಾಗ ಕನ್ನಡಕ ಹಾಕಿಕೊಂಡು ನೋಡಿ, "ಅವರೇ ಕಣಮ್ಮ ಇವರು" ಅಂದರು. ಮಾರುತ್ ಚಿತ್ರ ಹೋದ ಸಲದ್ದೇ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಹಾಕಿದ್ದಾರೆ, ಬಾಲದ ಮೇಲಿನ ನಂಬರ್ ಉಲ್ಟಾ ಇದೆ. ನಿಮ್ಮ ಗುಂಪಿಗೆ ಬಂದ ಪೋಸ್ಟರನ್ನು ದೊಡ್ಡದು ಮಾಡಿ ಆ ಬಾಲ ನೋಡಿ.