ಡ್ಯಾಕ್ ಕೊಳ್ಳುವವರೇ, ಅಂಗಡಿಯ ಹೋಲಿಕೆಯನ್ನು ನಂಬಬೇಡಿ

ಎರಡು ಡ್ಯಾಕ್‌ಗಳನ್ನು (ಡಿಜಿಟಲ್ ಸಂಗೀತವನ್ನು ಆಂಪ್ಲಿಫೈಯರ್‌ಗೆ ಬೇಕಾದ ವಿದ್ಯುತ್ ಸಂಕೇತವಾಗಿ ಬದಲಿಸುವ ಪೆಟ್ಟಿಗೆಗಳನ್ನು) ಪಕ್ಕಪಕ್ಕದಲ್ಲಿಟ್ಟು "ನೀವೇ ಕೇಳಿ, ನಿಮ್ಮ ಕಿವಿಯೇ ತೀರ್ಮಾನಿಸಲಿ" ಎನ್ನುವ ಮಾರಾಟಗಾರರ ಮುಂದೆ ಕುಳಿತುಕೊಳ್ಳುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿ: ಎರಡರ ಧ್ವನಿಮಟ್ಟವನ್ನು ಅಳೆದು ಸಮ ಮಾಡಿದ್ದೀರಾ? ಇಲ್ಲ ಎಂದರೆ ಎದ್ದು ಬನ್ನಿ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ. ಆದರೆ ಸಿಟ್ಟು ಅದಕ್ಕಿಂತ ದೊಡ್ಡದಾಗಿದೆ, ಹಾಗಾಗಿ ಬರೆಯುತ್ತಿದ್ದೇನೆ.

ನನ್ನ ಹಳೆಯ ಡ್ಯಾಕ್ ಸಾಧಾರಣ ಬೆಲೆಯದು. "ಅದನ್ನೂ ತನ್ನಿ, ನಮ್ಮದರ ಜೊತೆ ಹೋಲಿಸೋಣ" ಎಂದು ಅಂಗಡಿಯವರೇ ಕರೆದರು. ಅದೇ ಆಂಪ್ಲಿಫೈಯರ್, ಅದೇ ಸ್ಪೀಕರ್, ಅದೇ ಹಾಡು. "ವಾಲ್ಯೂಮ್ ಗುಂಡಿಯನ್ನು ನಾನು ಮುಟ್ಟುವುದೇ ಇಲ್ಲ, ನೋಡುತ್ತಿರಿ" ಎಂದು ಒತ್ತಿ ಒತ್ತಿ ಹೇಳಿದರು. ಗುಂಡಿ ಮುಟ್ಟದಿರುವುದೇ ಪ್ರಾಮಾಣಿಕತೆ ಎಂಬಂತೆ ಹೇಳಿದರು. ಮೋಸ ಅಡಗಿದ್ದದ್ದು ಅಲ್ಲಿಯೇ.

ಮೊದಲು ನನ್ನದನ್ನು ಕೇಳಿಸಿದರು. ಆಮೇಲೆ ಅವರದು. ಮೊದಲ ಕ್ಷಣದಲ್ಲೇ ಗಾಯಕಿ ಉಸಿರೆಳೆದುಕೊಂಡದ್ದು ಕೇಳಿಸಿತು, ಬಾಸ್ ಎದೆಗೆ ತಾಗಿತು, ಹಿಂದೆ ಮಸುಕಾಗಿದ್ದ ಪಿಯಾನೋ ಎದ್ದು ಬಂತು. "ಪರದೆ ಸರಿದ ಹಾಗಾಯಿತಲ್ಲವೇ?" ಎಂದು ಅವರು ಕೇಳಿದರು. ನಾನು ಹೌದೆಂದು ತಲೆಯಾಡಿಸಿದೆ. ಆ ಮಾತು, ಆ ನಗು, ನಾನು ತಲೆಯಾಡಿಸಿದ್ದು, ಎಲ್ಲವೂ ಈಗಲೂ ಮೈ ಉರಿಸುತ್ತದೆ.

ಅವರ ಡ್ಯಾಕ್ ಕೊಂಡು ಮನೆಗೆ ತಂದು ಜೋಡಿಸಿದೆ. ಯಾವ ಪರದೆಯೂ ಸರಿಯಲಿಲ್ಲ. ಹಳೆಯದನ್ನು ಹಾಕಿ ಕೇಳಿದೆ, ಹೊಸದನ್ನು ಹಾಕಿ ಕೇಳಿದೆ. ಎರಡೂ ಒಂದೇ. ನನಗೆ ಹೇಳದೆ ಅದಲುಬದಲು ಮಾಡಲು ಸ್ನೇಹಿತನನ್ನು ಕೂರಿಸಿಕೊಂಡೆ. ಯಾವುದು ನುಡಿಯುತ್ತಿದೆ ಎಂದು ಗುರುತಿಸಲು ಆಗಲೇ ಇಲ್ಲ.

ಆಗ ನೆನಪಾಯಿತು: ಅಂಗಡಿಯಲ್ಲಿ ನನ್ನ ಡ್ಯಾಕ್‌ಗೆ ಹಾಕಿದ್ದು ಆರ್‌ಸಿಎ ಕೇಬಲ್ (ಮನೆಯ ಉಪಕರಣಗಳಲ್ಲಿ ಸಾಮಾನ್ಯವಾಗಿರುವುದು), ಅವರದಕ್ಕೆ ದಪ್ಪನೆಯ ಎಕ್ಸ್‌ಎಲ್‌ಆರ್ ಕೇಬಲ್ (ಸ್ಟುಡಿಯೋಗಳಲ್ಲಿ ಬಳಸುವ ಮೂರು ಪಿನ್ನಿನದು). ನನ್ನ ಮನೆಯ ಆಂಪ್ಲಿಫೈಯರ್‌ನಲ್ಲಿ ಇರುವುದು ಆರ್‌ಸಿಎ ಮಾತ್ರ. 100 ಹರ್ಟ್ಸ್ ಪರೀಕ್ಷಾ ಸ್ವರ ನುಡಿಸಿ ಮಲ್ಟಿಮೀಟರ್ ಹಿಡಿದೆ. ಆರ್‌ಸಿಎಯಲ್ಲಿ ಎರಡೂ ಡ್ಯಾಕ್‌ಗಳು ಹೆಚ್ಚುಕಡಿಮೆ 2 ವೋಲ್ಟ್ ಕೊಟ್ಟವು. ಹೊಸದರ ಎಕ್ಸ್‌ಎಲ್‌ಆರ್‌ನಲ್ಲಿ 4 ವೋಲ್ಟ್. ಇದರಲ್ಲಿ ವಿಶೇಷವೇನೂ ಇಲ್ಲ, ಬಹುತೇಕ ಡ್ಯಾಕ್‌ಗಳು ಹೀಗೇ ಇರುತ್ತವೆ. ವೋಲ್ಟೇಜ್ ಇಮ್ಮಡಿ ಎಂದರೆ 6 ಡೆಸಿಬಲ್ ಜೋರು. ಕೆಲವು ಆಂಪ್ಲಿಫೈಯರ್‌ಗಳು ಎಕ್ಸ್‌ಎಲ್‌ಆರ್ ಕಡೆಯಿಂದ ಬಂದದ್ದನ್ನು ಅಷ್ಟೇ ತಗ್ಗಿಸಿ ಸರಿದೂಗಿಸುತ್ತವೆ. ಅಂಗಡಿಯದು ಹಾಗೆ ಮಾಡುವಂಥದಲ್ಲ. ಅದರ ಕೈಪಿಡಿಯನ್ನು ಹುಡುಕಿ ಓದಿದೆ.

ಧ್ವನಿಮಟ್ಟ ಏರಿದರೆ ಬಾಸ್ ತುಂಬಿಕೊಂಡಂತೆ ಕೇಳುತ್ತದೆ, ಸೂಕ್ಷ್ಮ ಸದ್ದುಗಳು ಮೇಲೇಳುತ್ತವೆ. ಸಣ್ಣ ಸದ್ದಿನಲ್ಲಿ ನಮ್ಮ ಕಿವಿಗೆ ಬಾಸ್ ಕಡಿಮೆ ಕೇಳುತ್ತದೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಅಳೆದು ತೋರಿಸಿದ್ದಾರೆ. ಅರ್ಧ ಡೆಸಿಬಲ್ ವ್ಯತ್ಯಾಸವೂ ನಮಗೆ ಜೋರಾಗಿ ಕೇಳಿಸದೆ, ಇನ್ನೂ ಸ್ಪಷ್ಟವಾದಂತೆ ಕೇಳಿಸಬಹುದು. ಇಲ್ಲಿದ್ದದ್ದು 6 ಡೆಸಿಬಲ್! ಪ್ರತಿದಿನ ಇದನ್ನೇ ಮಾರುವವರಿಗೆ ಇದು ಗೊತ್ತಿರಲಿಲ್ಲ ಎಂದರೆ ನಾನು ನಂಬುವುದಿಲ್ಲ.

ಇನ್ನು ಅವರ ಉತ್ತರಗಳು. ಮೊದಲ ಬಾರಿ ಹೇಳಿದಾಗ "300 ಗಂಟೆ ಓಡಲಿ ಸರ್, ಕೆಪಾಸಿಟರ್‌ಗಳು ಪಳಗಬೇಕು" ಎಂದರು. ದಿನಕ್ಕೆ 3 ಗಂಟೆ ಕೇಳುವವನಿಗೆ 300 ಗಂಟೆ ಎಂದರೆ 100 ದಿನ. ವಾಪಸಾತಿಯ ಅವಧಿ 15 ದಿನ. ಲೆಕ್ಕ ಹಾಕಿ ನೋಡಿ! ಎರಡನೆಯ ಉತ್ತರ: "ನಿಮ್ಮ ಆಂಪ್ಲಿಫೈಯರ್ ಇದರ ಗುಣವನ್ನು ತೋರಿಸುವ ಮಟ್ಟದ್ದಲ್ಲ." ಆಮೇಲೆ ಬೇರೆ ಯುಎಸ್‌ಬಿ ಕೇಬಲ್ ಕೊಳ್ಳಲು ಹೇಳಿದರು, ಅದೂ ಅವರಲ್ಲೇ ಸಿಗುತ್ತದಂತೆ. ಆಮೇಲೆ "ಕಿವಿ ಪಳಗಲು ಸಮಯ ಬೇಕು" ಎಂದರು. ಅಂಗಡಿಯಲ್ಲಿ ಒಂದೇ ನಿಮಿಷದಲ್ಲಿ ತೀರ್ಮಾನ ಕೊಡಲು ಪಳಗಿದ್ದ ಕಿವಿ ಮನೆಗೆ ಬಂದೊಡನೆ ಪಳಗದ ಕಿವಿಯಾಯಿತೇ? ಕೊನೆಗೆ ವೋಲ್ಟ್ ಅಳತೆಗಳ ಚಿತ್ರ ಕಳಿಸಿದೆ. ಬಂದ ಉತ್ತರ: "ಸಂಗೀತವನ್ನು ಮೀಟರ್‌ನಿಂದ ಅಳೆಯುವವರ ಜೊತೆ ವಾದ ಮಾಡುವುದಿಲ್ಲ. ವಾಪಸಾತಿಯ ಅವಧಿ ಮುಗಿದಿದೆ." ಮುಗಿಯುವವರೆಗೆ ಕಾಯಿಸಿದವರು ಅವರೇ!

ಡ್ಯಾಕ್‌ಗಳಲ್ಲಿ ವ್ಯತ್ಯಾಸವೇ ಇರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಫಿಲ್ಟರ್ ಇಲ್ಲದ ಹಳೆಯ ಶೈಲಿಯವು ಸಿಡಿ ನುಡಿಸುವಾಗ ಅತಿ ಎತ್ತರದ ಸ್ವರಗಳಲ್ಲಿ, 20 ಕಿಲೋಹರ್ಟ್ಸ್ ಹತ್ತಿರ, ಸುಮಾರು 3 ಡೆಸಿಬಲ್ ಇಳಿಯುತ್ತವೆ, ಅದು ಅಳತೆಗೂ ಸಿಗುತ್ತದೆ. ನನಗೆ ಮಾರಿದ್ದು ಅಂಥದ್ದಲ್ಲ. ನನಗೆ ಮಾರಿದ್ದು ಬರೀ ಜೋರು ಸದ್ದು.

ನೀವು ಹೋಗುವುದಾದರೆ ಮಲ್ಟಿಮೀಟರ್ ತೆಗೆದುಕೊಂಡು ಹೋಗಿ. ಪರೀಕ್ಷಾ ಸ್ವರ ನುಡಿಸಿ ಸ್ಪೀಕರ್ ತುದಿಗಳಲ್ಲಿ ಎರಡರ ವೋಲ್ಟೇಜನ್ನೂ ಅಳೆದು ಶೇಕಡಾ 1ರೊಳಗೆ ಸಮ ಮಾಡಿಸಿ, ಅಂದರೆ ಸುಮಾರು 0.1 ಡೆಸಿಬಲ್. ಯಾವುದು ನುಡಿಯುತ್ತಿದೆ ಎಂದು ತಿಳಿಯದಂತೆ ಕೇಳಿ. ಪಳಗುವ ಮಾತು ಬಂದರೆ ವಾಪಸಾತಿಯ ಅವಧಿಯನ್ನೂ ಅಷ್ಟೇ ಉದ್ದ ಮಾಡಿಸಿ ಬರೆಸಿಕೊಳ್ಳಿ, ಬಾಯಿಮಾತು ಬೇಡ.

ಅವರದೇ ಅಂಗಡಿಯಲ್ಲಿ, ಅವರದೇ ಆಂಪ್ಲಿಫೈಯರ್‌ನಲ್ಲಿ, ಮಟ್ಟ ಸಮ ಮಾಡಿ ಇನ್ನೊಮ್ಮೆ ಕೇಳಿಸಿ, ನನಗಲ್ಲದಿದ್ದರೆ ನಿಮಗಾದರೂ ವ್ಯತ್ಯಾಸ ಗೊತ್ತಾದರೆ ಡ್ಯಾಕ್ ಇಟ್ಟುಕೊಳ್ಳುತ್ತೇನೆ ಎಂದು ಬರೆದು ಕಳಿಸಿದ್ದೇನೆ. ಓದಿದ್ದಾರೆ, ಉತ್ತರಿಸಿಲ್ಲ.