ಕಾರಿಗೆ ಸಿಡಿ ಬರೆಯಲಿಕ್ಕೆ ತಕೊಂಡ ಎಕ್ಸ್‌ಟರ್ನಲ್ ರೈಟರ್: ನಾಲ್ಕು ವರ್ಷ ಬಳಸಿದ ಮೇಲೆ

ಐದರಲ್ಲಿ ಮೂರೂವರೆ ಸ್ಟಾರ್. ಅರ್ಧ ಸ್ಟಾರ್ ಕೇಬಲ್ಲಿಗೆ ಕತ್ತರಿಸಿದ್ದು. ಉಳಿದ ಒಂದರ ಕಥೆ ಮುಂದೆ ಹೇಳ್ತೇನೆ.

ಈ ಕಾಲದಲ್ಲಿ ಸಿಡಿ ರೈಟರ್ ಎಂತಕ್ಕೆ ಅಂತ ಅಂಗಡಿಯವರೇ ಕೇಳಿದ್ದರು. ನಮ್ಮ ಕಾರು 2010ರದ್ದು. ಸ್ಟೀರಿಯೋ ಡ್ಯಾಶ್‌ಬೋರ್ಡಿನೊಳಗೇ ಹುಗಿದು ಕೂತದ್ದು. ಯುಎಸ್‌ಬಿ ಇಲ್ಲ, ಬ್ಲೂಟೂತ್ ಇಲ್ಲ, ಆಕ್ಸ್‌ನ ತೂತು ಕೂಡ ಇಲ್ಲ. ಬಾಯಿಗೆ ಸಿಡಿ ಕೊಟ್ಟರೆ ನುಂಗ್ತದೆ, ಅಷ್ಟೆ. ಪ್ರತಿ ಶನಿವಾರ ಸುರತ್ಕಲ್‌ನಿಂದ ಉಡುಪಿಗೆ ಹೋಗಿ ಅಪ್ಪನನ್ನು ಕರ್ಕೊಂಡು ಬರುವುದು ನನ್ನ ಕೆಲಸ. ಅಪ್ಪನಿಗೆ ಬೇಕಾದದ್ದು ಅವರ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಪದ್ಯ ಮತ್ತು ಮಾತಿನಲ್ಲೇ ನಡೆಸುವ ಯಕ್ಷಗಾನ) ಕ್ಯಾಸೆಟ್ಟುಗಳು ಮಾತ್ರ, ಒಂದು ಪೆಟ್ಟಿಗೆ ತುಂಬ ಇದ್ದವು. ಅವನ್ನೆಲ್ಲ ಲ್ಯಾಪ್‌ಟಾಪಿಗೆ ಇಳಿಸಿಯಾಗಿತ್ತು. ಅಲ್ಲಿಂದ ಕಾರಿಗೆ ದಾಟಿಸಬೇಕಲ್ಲ, ಹಾಗಾಗಿ ಈ ರೈಟರ್.

ಸಾವಿರದ ಎಂಟುನೂರು ರೂಪಾಯಿ ಕೊಟ್ಟದ್ದು. ಜೊತೆಗೆ ಐವತ್ತರ ಒಂದು ಡಬ್ಬಿ ಸಿಡಿ-ಆರ್, ಅಂದರೆ ಬರೆದದ್ದನ್ನು ಅಳಿಸಲಿಕ್ಕಾಗದ ಖಾಲಿ ಸಿಡಿ.

ಮೊದಲ ದಿನವೇ ಎಡವಟ್ಟು. ಖಾಲಿ ಡಿಸ್ಕ್ ಹಾಕಿದಾಗ ಲ್ಯಾಪ್‌ಟಾಪ್ ಒಂದು ಪ್ರಶ್ನೆ ಕೇಳ್ತದೆ: ಇದನ್ನು ಪೆನ್‌ಡ್ರೈವ್ ಹಾಗೆ ಬಳಸುವುದಾ, ಸಿಡಿ ಪ್ಲೇಯರಿಗಾ? ಪೆನ್‌ಡ್ರೈವ್ ಹಾಗೆ ಅಂದರೆ ಬೇಕಾದಾಗ ಸೇರಿಸಬಹುದಲ್ಲ ಅಂತ ಅದನ್ನೇ ಒತ್ತಿದೆ. ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿ, ಕಾರಿನಲ್ಲಿ 'ಡಿಸ್ಕ್ ಎರರ್'. ಆ ಆಯ್ಕೆಯಲ್ಲಿ ಡಿಸ್ಕ್ ಫೈಲ್ ಜೋಡಿಸುವ ಯುಡಿಎಫ್ ಅನ್ನುವ ಕ್ರಮದಲ್ಲಿ ತಯಾರಾಗ್ತದೆ. ಹಳೆ ಸ್ಟೀರಿಯೋಗಳಿಗೆ ಗೊತ್ತಿರುವುದು ಐಎಸ್‌ಒ 9660 ಅನ್ನುವ ಬೇರೆ ಕ್ರಮ. ಎರಡನೆಯದನ್ನು ಒತ್ತಿದೆ, ಹಾಡಿತು. ಬರೆದು ಮುಗಿದ ಮೇಲೆ ಡಿಸ್ಕನ್ನು ಮುಚ್ಚಬೇಕು, ಅಂದರೆ ಫೈನಲೈಸ್ ಮಾಡಬೇಕು. ಇನ್ನೂ ನಾಲ್ಕು ಹಾಡು ಹಿಡಿಸ್ತದೆ ಅಂತ ತೆರೆದಿಟ್ಟ ಡಿಸ್ಕನ್ನು ನಮ್ಮ ಸ್ಟೀರಿಯೋ ಮೂಸಿಯೂ ನೋಡಲಿಲ್ಲ. ಈಗ ಸಿಡಿಬರ್ನರ್ ಎಕ್ಸ್‌ಪಿ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಬಳಸ್ತೇನೆ, ಕಿರಿಕಿರಿ ಇಲ್ಲ.

ಆಡಿಯೋ ಸಿಡಿಯಾ, ಎಂಪಿ3 ಸಿಡಿಯಾ? ಮೊದಲನೆಯದು ಅಂಗಡಿಯ ಹಾಡಿನ ಸಿಡಿಯ ಹಾಗೆ, ಎರಡನೆಯದರಲ್ಲಿ ಕುಗ್ಗಿಸಿದ ಫೈಲುಗಳನ್ನು ಹಾಗೇ ತುಂಬಿಸುವುದು. ಇದರಲ್ಲೇ ನನ್ನ ಒಂದು ವರ್ಷ ಹೋಯ್ತು. ಆಡಿಯೋ ಸಿಡಿಯಲ್ಲಿ ಹಿಡಿಸುವುದು 80 ನಿಮಿಷ. ಅಪ್ಪನ ಕ್ಯಾಸೆಟ್ ಎಲ್ಲ 90 ನಿಮಿಷದ್ದು. ಹತ್ತು ನಿಮಿಷ ಹೊರಗೆ ಉಳಿಯುತ್ತದೆ, ಆ ಹತ್ತು ನಿಮಿಷದಲ್ಲೇ ಅಪ್ಪನಿಗೆ ಬೇಕಾದ ಮಾತು ಇರ್ತದೆ. ಎಂಪಿ3 ಆದರೆ 128 ಕೆಬಿಪಿಎಸ್ ಲೆಕ್ಕದಲ್ಲಿ ಗಂಟೆಗೆ ಹತ್ತಿರ ಹತ್ತಿರ 58 ಎಂಬಿ. 700 ಎಂಬಿಯ ಡಿಸ್ಕಿನಲ್ಲಿ ಹನ್ನೆರಡು ಗಂಟೆ! ಆರು ಕ್ಯಾಸೆಟ್ಟಿನ ಇಡೀ ಕೂಟ ಒಂದೇ ಡಿಸ್ಕಿನಲ್ಲಿ ಕೂತಿತು.

ಖುಷಿ ದಾರಿಯ ಪಡುಬಿದ್ರೆವರೆಗೆ. ಕ್ಯಾಸೆಟ್ಟಿನ ಒಂದೊಂದು ಬದಿಯನ್ನು 45 ನಿಮಿಷದ ಒಂದೊಂದೇ ಫೈಲ್ ಮಾಡಿದ್ದೆ. ಪೆಟ್ರೋಲ್ ಹಾಕಲಿಕ್ಕೆ ಎಂಜಿನ್ ಆಫ್ ಮಾಡಿ ಪುನಃ ಆನ್ ಮಾಡಿದೆ, ಫೈಲ್ ಮೊದಲಿನಿಂದ ಶುರು. ಸಂಧಾನಕ್ಕೆ ಬಂದ ಕೃಷ್ಣ ಅಷ್ಟು ಹೊತ್ತು ಪೀಠಿಕೆ ಹಾಕಿ ಇನ್ನೇನು ಕೌರವನಿಗೆ ನೇರ ಮಾತು ಹೇಳಬೇಕು, ಪುನಃ ಪೀಠಿಕೆಗೇ ಬಂದ. ಫಾಸ್ಟ್ ಫಾರ್ವರ್ಡ್ ಒತ್ತಿ ಹಿಡಿದು ಹಿಡಿದು ನನ್ನ ಹೆಬ್ಬೆರಳು ಬಿಳುಚಿತು. ಅಪ್ಪ ಮಾತಾಡಲಿಲ್ಲ, ಕಿಟಕಿ ಕಡೆ ನೋಡ್ತಾ ಕೂತರು. ಅದು ಬೈಗುಳಕ್ಕಿಂತ ಜೋರು.

ಆವತ್ತಿನಿಂದ ಐದೈದು ನಿಮಿಷಕ್ಕೆ ತುಂಡು ಮಾಡ್ತೇನೆ. ಅರ್ಥಗಾರಿಕೆಗೆ, ಅಂದರೆ ಪಾತ್ರಗಳ ಮಾತಿಗೆ, ಇದು ಸಾಕು, ಮಾತಿನ ಮಧ್ಯೆ ಅರೆಕ್ಷಣ ತಡೆದರೆ ಅರ್ಥಧಾರಿ ಉಸಿರು ತಕೊಂಡ ಹಾಗೆ ಕೇಳ್ತದೆ. ಭಾಗವತಿಕೆಗೆ, ಅಂದರೆ ಪದ್ಯದ ಹಾಡಿಗೆ, ಮಾತ್ರ ಆಗುವುದಿಲ್ಲ. ಏರುಪದ್ಯದಲ್ಲಿ ಚೆಂಡೆ ಕಾವೇರಿದಾಗ ಫೈಲ್ ಬದಲಾದರೆ ಒಂದು ಪೆಟ್ಟು ನುಂಗಿಹೋಗ್ತದೆ, ಕೇಳುವವನಿಗೆ ಮೆಟ್ಟಿಲು ತಪ್ಪಿದ ಹಾಗೆ. ಹಾಗಾಗಿ ಪದ್ಯಗಳನ್ನು ಬೇರೆ ಆರಿಸಿ ಆಡಿಯೋ ಸಿಡಿಯಾಗಿ, ಇಡೀ ಡಿಸ್ಕನ್ನು ನಿಲ್ಲಿಸದೆ ಒಂದೇ ಸಲಕ್ಕೆ ಬರೆಯುವ ಡಿಸ್ಕ್-ಅಟ್-ಒನ್ಸ್ ಕ್ರಮದಲ್ಲಿ, ಹಾಡಿನ ಮಧ್ಯದ ಎರಡು ಸೆಕೆಂಡಿನ ಗ್ಯಾಪ್ ತೆಗೆದು ಬರೆಯುತ್ತೇನೆ. ಹಳೆ ಎಂಪಿ3ಯನ್ನು ಆಡಿಯೋ ಸಿಡಿ ಮಾಡಿದರೆ ಸ್ವರ ಚೆಂದ ಆಗ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಎಂಪಿ3 ಮಾಡುವಾಗ ಒಮ್ಮೆ ಕಳೆದದ್ದು ಬರುವುದಿಲ್ಲ.

ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಲಿ, ಕನ್ನಡದಲ್ಲಿಟ್ಟರೆ ಸ್ಟೀರಿಯೋ ಬರೀ ಚೌಕ ಚೌಕ ತೋರಿಸ್ತದೆ. ನಂಬರ್ 01, 02 ಅಂತ ಹಾಕಿ. 1, 2 ಅಂತ ಹಾಕಿದರೆ ಒಂದಾದ ಮೇಲೆ ಹತ್ತು ಹಾಡ್ತದೆ. ಚಿಕ್ಕಮ್ಮ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದ ಭಜನೆ ಎಂ4ಎ ಫೈಲ್ ಆಗಿತ್ತು. ಹೆಸರಿನ ಬಾಲ ಬದಲಾಯಿಸಿ ಎಂಪಿ3 ಅಂತ ಬರೆದೆ. ಸ್ಟೀರಿಯೋ ಮೋಸ ಹೋಗಲಿಲ್ಲ. ಕನ್ವರ್ಟ್ ಮಾಡಲೇಬೇಕು.

ಇನ್ನು ರೈಟರಿನ ವಿಷಯ. ಕೇಬಲ್ ಒಂದು ಗೇಣು, ಲ್ಯಾಪ್‌ಟಾಪಿಗೆ ಅಂಟಿಕೊಂಡೇ ಇಡಬೇಕು. ಅದಕ್ಕೆ ಯುಎಸ್‌ಬಿ ಹಬ್ ಮೂಲಕ ಹಾಕಿದೆ. ಮೂರು ಡಿಸ್ಕ್ ಅರ್ಧದಲ್ಲಿ ಸತ್ತವು. ಬರೆಯುವಾಗ ಲೇಸರಿಗೆ ಕರೆಂಟ್ ಜಾಸ್ತಿ ಬೇಕು, ಹಬ್ಬಿನಿಂದ ಅಷ್ಟು ಸಿಗ್ತಾ ಇರಲಿಲ್ಲ. ಲ್ಯಾಪ್‌ಟಾಪಿಗೇ ನೇರ ಚುಚ್ಚಿದ ಮೇಲೆ ಆ ತೊಂದರೆ ಬರಲಿಲ್ಲ. ವೇಗ 24ಎಕ್ಸ್ (ಮಾಮೂಲಿ ಹಾಡುವ ವೇಗದ 24 ಪಟ್ಟು) ವರೆಗೆ ಉಂಟು, ನಾನು 16ರಲ್ಲಿ ಬರೆಯುತ್ತೇನೆ. ತೀರ ನಿಧಾನ ಬರೆದರೆ ಒಳ್ಳೆಯದು ಅನ್ನುವ ಮಾತು ಎಲ್ಲ ಡಿಸ್ಕಿಗೂ ಹೊಂದುವುದಿಲ್ಲ. ಮೂರನೇ ವರ್ಷದಿಂದ ಟ್ರೇ ಹೊರಗೆ ಬರಲಿಕ್ಕೆ ಹಟ ಮಾಡ್ತದೆ, ಸೇಫ್ಟಿಪಿನ್ ಬೇಕು. ಕತ್ತರಿಸಿದ ಆ ಒಂದು ಸ್ಟಾರ್ ಇದಕ್ಕೆ.

ಸಿಡಿ-ಆರ್‌ಡಬ್ಲ್ಯೂ ತಕೊಂಡರೆ ಅಳಿಸಿ ಬರೆಯಬಹುದಲ್ಲ ಅಂತ ಆಸೆ ಆಗ್ತದೆ. ಅದರ ಮೇಲ್ಮೈ ಬೆಳಕನ್ನು ವಾಪಸ್ ಕೊಡುವುದು ಸಿಡಿ-ಆರ್‌ಗಿಂತ ತುಂಬ ಕಡಿಮೆ, ಹಳೆ ಲೆನ್ಸಿಗೆ ಕಾಣುವುದಿಲ್ಲ. ನಮ್ಮದಕ್ಕಂತೂ ಕಾಣಲಿಲ್ಲ.

ಪೇಪರ್ ಲೇಬಲ್ ಅಂಟಿಸಬೇಡಿ. ಅಪ್ಪನಿಗೆ ಓದಲಿಕ್ಕೆ ಸುಲಭ ಆಗಲಿ ಅಂತ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿ ಅಂಟಿಸಿದ್ದೆ. ಏಪ್ರಿಲ್ ತಿಂಗಳು, ಮಲ್ಪೆಯಲ್ಲಿ ಎರಡು ಗಂಟೆ ಬಿಸಿಲಿಗೆ ಕಾರು ನಿಲ್ಲಿಸಿದ್ದೆವು. ಬಂದು ನೋಡಿದರೆ ಡಿಸ್ಕ್ ಹೊರಗೂ ಬರುವುದಿಲ್ಲ, ಹಾಡುವುದೂ ಇಲ್ಲ, ಒಳಗೆ ಕರಕರ ಸದ್ದು. ಮಂಗಳೂರಿನ ಹಂಪನಕಟ್ಟೆಯಲ್ಲಿ ಒಬ್ಬರು ರಿಪೇರಿಯವರು ಸ್ಟೀರಿಯೋ ಕಳಚಿ, ಮೇಲಿನ ತಗಡು ಎತ್ತಿ, ಚಿಮುಟದಿಂದ ಲೇಬಲನ್ನು ಎಳೆದು ತೆಗೆದರು. ಹುರಿದ ಹಲಸಿನ ಹಪ್ಪಳದ ಹಾಗೆ ಸುರುಟಿತ್ತು. ನಾನೂರು ರೂಪಾಯಿ. ಈಗ ಸಿಡಿ ಮಾರ್ಕರಿನಲ್ಲಿ ಮೆಲ್ಲ ಬರೆಯುತ್ತೇನೆ. ಬಾಲ್ ಪೆನ್ನು ಬೇಡವೇ ಬೇಡ, ದತ್ತಾಂಶದ ಪದರ ಇರುವುದು ಹೆಸರು ಬರೆಯುವ ಬದಿಯ ಅಡಿಯಲ್ಲೇ, ಮೇಲೆ ತೆಳ್ಳಗಿನ ಲೇಪ ಮಾತ್ರ.

ಮಳೆಗಾಲದಲ್ಲಿ ಬೆಳಿಗ್ಗೆ ಮೊದಲ ಹತ್ತು ನಿಮಿಷ ಸ್ಟೀರಿಯೋ ಡಿಸ್ಕ್ ಓದದಿದ್ದರೆ ಗಾಬರಿ ಆಗಬೇಡಿ. ಲೆನ್ಸಿಗೆ ಪಸೆ ಹಿಡಿದಿರ್ತದೆ, ಮುಲ್ಕಿ ಸೇತುವೆ ದಾಟುವಾಗ ಸರಿಯಾಗ್ತದೆ. ಡಿಸ್ಕಿನ ಪೌಚಿನೊಳಗೆ ಬೂಷ್ಟು ಬರ್ತದೆ, ಅದಕ್ಕೆ ಗಟ್ಟಿ ಡಬ್ಬಿಯೇ ಒಳ್ಳೆಯದು.

ಒಟ್ಟು ನೂರಮೂವತ್ತು ಚಿಲ್ಲರೆ ಡಿಸ್ಕ್ ಬರೆದಿದ್ದೇನೆ. ಹಾಳಾದ ಒಂಬತ್ತು ಅಮ್ಮನ ಬಸಳೆ ಚಪ್ಪರದಲ್ಲಿ ನೂಲಿಗೆ ನೇತಾಡ್ತಾ ಉಂಟು, ಹಕ್ಕಿ ಓಡಿಸಲಿಕ್ಕೆ. ಹಕ್ಕಿಗಳು ಅದರ ಮೇಲೆಯೇ ಕೂತ್ಕೊಳ್ತವೆ.