ಪಿಎಚ್‌ಡಿ ಅರ್ಜಿ, ಕಾರವಾರದ ಒಂದು ಝೆರಾಕ್ಸ್ ಅಂಗಡಿ ಮತ್ತೆ ನೀರಲ್ಲಿ ಹೋಮ ಆದ 35 ಸಾವಿರ

ಸ್ಟಾರ್ ಕೊಡೂದಾದ್ರೆ ಝೆರಾಕ್ಸ್ ಅಂಗಡಿಗೆ ನಾಲ್ಕೂವರೆ, ಪಿಎಚ್‌ಡಿ ಅರ್ಜಿ ಹಾಕ್ಸಿ ಕೊಡ್ತೇವೆ ಅಂದ ಕನ್ಸಲ್ಟೆನ್ಸಿಗೆ ಒಂದು. ಆ ಒಂದಾದ್ರೂ ಯಾಕೆ ಅಂದ್ರೆ ಸೊನ್ನೆ ಕೊಡೂಕೆ ಬರೂದಿಲ್ಲ, ಅದಕ್ಕೆ.

ಅಂಗಡಿ ಹೆಸರು ಕೇಳ್ಬೇಡಿ, ನಂಗೂ ಸರಿ ಗೊತ್ತಿಲ್ಲ. ಬೋರ್ಡ್ ಮೇಲೆ ಝೆರಾಕ್ಸ್, ಡಿಟಿಪಿ, ಲ್ಯಾಮಿನೇಶನ್, ಆನ್‌ಲೈನ್ ಅರ್ಜಿ ಅಂತ ಕೆಂಪಕ್ಷರದಲ್ಲಿ ದೊಡ್ಡದಾಗಿ ಇದೆ, ಹೆಸರು ಮಾತ್ರ ಬಿಸಿಲು ಉಪ್ಪುಗಾಳಿಗೆ ಮಾಸಿ ಹೋಗಿದೆ. ಕಾರವಾರದಲ್ಲಿ ಸರ್ಕಾರಿ ಆಫೀಸುಗಳ ಹತ್ರ ಇರೋ ಸಾಲಂಗಡಿಲಿ ಒಂದು. ಒಳಗೆ ಎರಡು ಕಂಪ್ಯೂಟರ್, ಒಂದು ದೊಡ್ಡ ಮಶಿನ್, ಒಂದು ಫ್ಯಾನ್, ಅದೂ ಮಶಿನ್ ಕಡೆಗೇ ತಿರುಗಿರ್ತದೆ, ಗಿರಾಕಿ ಬೆವರ್ಬೇಕು.

ನಂದು ಊರು ಅಂಕೋಲಾ. ಬಿ.ಆರ್ಕ್ ಆಯ್ತು, ಎಂ.ಪ್ಲಾನ್ ಆಯ್ತು, ಆಮೇಲೆ ಮೂರು ವರ್ಷ ಬೆಂಗಳೂರಲ್ಲಿ ಮಾಸ್ಟರ್ ಪ್ಲಾನ್ ಮಾಡೋ ಒಂದು ಆಫೀಸಲ್ಲಿ ಕೂತು ಮ್ಯಾಪಿಗೆ ಬಣ್ಣ ತುಂಬಿದೆ. ಹಳದಿ ಅಂದ್ರೆ ಮನೆ, ನೀಲಿ ಅಂದ್ರೆ ಅಂಗಡಿ ಮುಂಗಟ್ಟು, ನೇರಳೆ ಅಂದ್ರೆ ಕಾರ್ಖಾನೆ, ಹಸಿರು ಅಂದ್ರೆ ಪಾರ್ಕು, ಅಂದ್ರೆ ಇನ್ನೂ ಯಾರೂ ಮನೆ ಕಟ್ಟದೆ ಇರೋ ಜಾಗ. ಬೇಜಾರು ಬಂತು. ನಗರ ಯೋಜನೆಲಿ ಪಿಎಚ್‌ಡಿ ಮಾಡ್ಬೇಕು ಅಂತ ಕೆಲಸ ಬಿಟ್ಟು ಊರಿಗೆ ಬಂದೆ. ಅಮ್ಮ ಎರಡು ದಿನ ಮಾತಾಡ್ಲಿಲ್ಲ, ಮೂರನೇ ದಿನ ಮೀನು ತಂದು ಕೊಟ್ಟು "ತೊಳಿ" ಅಂದ್ಲು, ಅಲ್ಲಿಗೆ ಒಪ್ಪಿಗೆ ಸಿಕ್ಕ ಹಾಗೆ.

ಅರ್ಜಿ ಹಾಕೋ ರೀತಿ ಗೊತ್ತಿಲ್ದೆ ಮೊದಲು ಹೋಗಿದ್ದು ದೊಡ್ಡ ಊರಿನ ಒಂದು ಕನ್ಸಲ್ಟೆನ್ಸಿಗೆ. 35 ಸಾವಿರ, ಎರಡು ಕಂತು. ಎಸಿ ರೂಮು, ಗೋಡೆ ತುಂಬ ವೀಸಾ ಹಿಡ್ಕೊಂಡು ನಗೋ ಹುಡುಗರ ಫೋಟೋ. ಅಲ್ಲೇ ಅನುಮಾನ ಬರ್ಬೇಕಿತ್ತು, ಯಾಕಂದ್ರೆ ಆ ಫೋಟೋದವರೆಲ್ಲ ಎಂಎಸ್‌ಗೆ ಹೋದವರು, ಪಿಎಚ್‌ಡಿಗೆ ಹೋದವರು ಒಬ್ಬರೂ ಇಲ್ಲ. ಎರಡೂ ಬೇರೆ ಬೇರೆ ಆಟ ಮಾರಾಯ್ರೆ. ಎಂಎಸ್‌ಗೆ ನೀವು ದುಡ್ಡು ಕೊಟ್ಟು ಓದೂದು, ಪಿಎಚ್‌ಡಿಗೆ ಹೆಚ್ಚಿನ ಕಡೆ ಅವರೇ ನಿಮ್ಗೆ ದುಡ್ಡು ಕೊಟ್ಟು ಇಟ್ಕೊಳ್ಳೂದು, ಅದಕ್ಕೇ ಒಂದು ವಿಭಾಗ ಅಂದ್ರೆ ವರ್ಷಕ್ಕೆ ಬೆರಳೆಣಿಕೆ ಜನರನ್ನ ಮಾತ್ರ ತಗೊಳ್ತದೆ. ಹೀಗಿರುವಾಗ ಇವರು ರ‍್ಯಾಂಕಿಂಗ್ ಪಟ್ಟಿ ಇಟ್ಕೊಂಡು "ಇದು ನಿಮ್ಮ ಡ್ರೀಮ್, ಇದು ಸೇಫ್" ಅಂತ ಟಿಕ್ ಹಾಕಿದ್ರು. ನನ್ನ ವಿಷಯದ ಮೇಲೆ ಕೆಲಸ ಮಾಡೋ ಪ್ರೊಫೆಸರ್ ಅಲ್ಲಿ ಒಬ್ಬರಾದ್ರೂ ಇದ್ದಾರಾ ಅಂತ ನೋಡೇ ಇಲ್ಲ. ಗೈಡ್ ಇಲ್ಲದ ಕಡೆ ಪಿಎಚ್‌ಡಿ ಸೇಫ್ ಹ್ಯಾಗೆ ಆಗ್ತದೆ? ಹೊರದೇಶದ ಕೆಲವು ಕಡೆ ಕೇಳೋ ಜಿಆರ್‌ಇ ಪರೀಕ್ಷೆಗೆ ಕೋಚಿಂಗ್ ಸೇರಿ ಅಂತ ಬೇರೆ ಒತ್ತಾಯ, ನಾನು ಹಾಕೂಕೆ ಹೊರಟ ಮೂರು ಕಡೆಲೂ ಜಿಆರ್‌ಇ ಕೇಳಿರ್ಲೇ ಇಲ್ಲ.

ಎಸ್‌ಒಪಿ, ಅಂದ್ರೆ ನಾನು ಯಾಕೆ ಇದನ್ನ ಓದ್ಬೇಕು ಅಂತ ಅರ್ಜಿ ಜೊತೆ ಕೊಡೋ ಬರಹ, ಅದನ್ನ ಅವರೇ ಬರೆದು ಕಳಿಸಿದ್ರು. ಮೊದಲ ವಾಕ್ಯ ಓದಿ ನಗು ಬಂತು, ಆಮೇಲೆ ಸಿಟ್ಟು ಬಂತು. "ಚಿಕ್ಕಂದಿನಿಂದ ಗಗನಚುಂಬಿ ಕಟ್ಟಡಗಳು ನನ್ನನ್ನು ಸೆಳೆದಿವೆ" ಅನ್ನೋ ಅರ್ಥದ ಇಂಗ್ಲಿಷು. ನಾನು ಚಿಕ್ಕಂದಿನಲ್ಲಿ ಕಂಡ ಅತಿ ಎತ್ತರದ ಕಟ್ಟಡ ಅಂದ್ರೆ ನೀರಿನ ಟ್ಯಾಂಕಿ. ಶಿಫಾರಸು ಪತ್ರದ ಬಗ್ಗೆ ಕೇಳಿದ್ರೆ "ನಾವೇ ಬರೆದು ಕೊಡ್ತೇವೆ, ನಿಮ್ಮ ಸರ್ ಹೆಸರಲ್ಲಿ ಒಂದು ಜಿಮೇಲ್ ಮಾಡಿ" ಅಂದ್ರು. ಇದು ಮೋಸ, ಸಿಕ್ಕಿಬಿದ್ರೆ ಅರ್ಜಿ ಅಲ್ಲಿಗೇ ಮುಗೀತು, ಓದಿಸಿದ ಸರ್ ಮರ್ಯಾದೆನೂ ಹೋಗ್ತದೆ. ಎರಡನೇ ಕಂತು ಕೊಟ್ಟ ಮೇಲೆ ಇದನ್ನ ಹೇಳಿದ್ದು, ಅದು ಬೇರೆ.

ನನ್ನ ವಿಷಯ ಕಾರವಾರ ಅಂದ್ರೆ "ಕಾರವಾರ ಯಾರಿಗೆ ಗೊತ್ತು ಮೇಡಂ, ಮುಂಬೈ ಅಂತ ಹಾಕಿ" ಅಂದ್ರು. ಅವತ್ತೇ ಎದ್ದು ಬಂದೆ. ದುಡ್ಡು ವಾಪಸ್ ಬರ್ಲಿಲ್ಲ, ಕೇಳಿದ್ರೆ ಸಹಿ ಹಾಕಿದ ಕಾಗದ ತೋರ್ಸಿದ್ರು.

ಯಾಕೆ ಕಾರವಾರ ಅಂದ್ರೆ, ಮ್ಯಾಪ್ ತೆಗೆದು ನೋಡಿ. ಉತ್ತರಕ್ಕೆ ಕಾಳಿ ನದಿ, ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಗುಡ್ಡ, ಗುಡ್ಡದ ಮೇಲೆ ಅರಣ್ಯ ಇಲಾಖೆ, ದಕ್ಷಿಣಕ್ಕೆ ನೇವಿ. ಊರು ಬೆಳೀಬೇಕು ಅಂದ್ರೆ ಎತ್ಲಾಗೆ ಬೆಳೀಬೇಕು? ಆ ನೇವಿ ಯೋಜನೆ ಸೀಬರ್ಡಿಗೆ 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ್ದು, 2005ರಲ್ಲಿ ಅಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಶುರುವಾಗಿದ್ದು, ನಡುವಿನ ವರ್ಷಗಳಲ್ಲಿ ಕಾರವಾರ ಅಂಕೋಲಾ ಎರಡೂ ತಾಲೂಕಿನ ದಂಡೆಯ ಊರುಗಳು ಎದ್ದು ಹೋದವು, ಅವರಿಗೆ ತೋಡೂರಿನಂಥ ಕಡೆ ಕಾಲೋನಿ ಮಾಡಿ ಕೊಟ್ರು. ನಮ್ಮ ಮನೇಲೂ ಇದು ಬರೀ ಪೇಪರ್ ಸುದ್ದಿ ಅಲ್ಲ, ಅಜ್ಜಿ ತವರು ಹೋಗಿದ್ದು ಅದ್ರಲ್ಲೇ. ಆದ್ರೂ ನನ್ನ ಮೊದಲ ಪ್ರಪೋಸಲ್ ಶೀರ್ಷಿಕೆ "ಕರಾವಳಿ ನಗರಗಳ ಸುಸ್ಥಿರ ಬೆಳವಣಿಗೆ". ಅಂದ್ರೆ ಏನೂ ಅಲ್ಲ. ಸುಸ್ಥಿರ ಅನ್ನೋ ಪದ ತೆಗೆದ್ರೆ ಅದ್ರಲ್ಲಿ ಪ್ರಶ್ನೆನೇ ಉಳಿಯೂದಿಲ್ಲ.

ಝೆರಾಕ್ಸ್ ಅಂಗಡಿ ಕತೆಗೆ ಬರ್ತೇನೆ. ಹೋಗಿದ್ದು ಬರೀ ಮಾರ್ಕ್ಸ್ ಕಾರ್ಡ್ ಸ್ಕ್ಯಾನ್ ಮಾಡ್ಸೂಕೆ. ಟೈಪ್ ಮಾಡೋ ಅಕ್ಕ ಕಾಗದ ನೋಡಿ "ಪಿಎಚ್‌ಡಿ ಅಂದ್ರೆ ಕಾಲೇಜಿಗೆ ಅಕ್ಕೋರಾಗೂದಾ ತಂಗಿ?" ಅಂದ್ಲು. ಹೌದು ಅನ್ಲೂ ಆಗ್ಲಿಲ್ಲ ಅಲ್ಲ ಅನ್ಲೂ ಆಗ್ಲಿಲ್ಲ. ವಿಷಯ ಏನು ಅಂತ ಕೇಳಿದಳು, ಸೀಬರ್ಡ್ ಕಾಲೋನಿ ಅಂದೆ, ಅಷ್ಟೇ, ಬೆರಳು ಕೀಬೋರ್ಡ್ ಮೇಲೆ ಓಡ್ತಾನೇ ಇದೆ, ಬಾಯಲ್ಲಿ ಮಾತು. ಆ ಅಂಗಡಿ ದಿನಾ ಟೈಪ್ ಮಾಡೂದು ಏನು? ಪಂಚಾಯ್ತಿಯ ಆಸ್ತಿ ಕಾಗದ ಇ-ಸ್ವತ್ತು, ನಮೂನೆ 9, ನಮೂನೆ 11, ನಗರಸಭೆಯ ಖಾತಾ ಅರ್ಜಿ, ಕೃಷಿ ಜಮೀನನ್ನ ಬೇರೆ ಬಳಕೆಗೆ ಬದಲಿಸೋ ಎನ್‌ಎ ಅರ್ಜಿ, ಸಮುದ್ರದ ಹತ್ರ ಮನೆ ಇದ್ದವರ ಸಿಆರ್‌ಝೆಡ್ (ಕರಾವಳಿ ನಿಯಂತ್ರಣ ವಲಯ) ಅರ್ಜಿ. 2025ರಲ್ಲಿ ಬಿ ಖಾತಾ ಅಭಿಯಾನ ಬಂದಾಗ ಊಟಕ್ಕೆ ಏಳೂಕೂ ಪುರುಸೊತ್ತು ಇರ್ಲಿಲ್ಲಂತೆ. "ಕಾಲೋನಿಯವರು ಬರ್ತಾರೆ, ಹಕ್ಕುಪತ್ರ ಅಪ್ಪನ ಹೆಸರಲ್ಲಿ ಇರ್ತದೆ, ಅಪ್ಪ ಹೋಗಿ ಹತ್ತು ವರ್ಷ ಆಗಿರ್ತದೆ, ಮನೆ ಮೂರು ಪಾಲಾಗಿ ಮೂರು ಒಲೆ ಆಗಿರ್ತದೆ, ಕಾಗದದಲ್ಲಿ ಒಂದೇ ಮನೆ. ಈಗ ಯಾರ ಹೆಸರಿಗೆ ಅರ್ಜಿ ಹಾಕೂದು?" ಅಂದ್ಲು.

ನಾನು ಸ್ಕ್ಯಾನ್ ತಗೊಂಡು ಹೊರಗೆ ಬಂದು ಪಕ್ಕದಲ್ಲಿ ಬನ್ಸು ಚಾ ತಗೊಂಡು ಅರ್ಧ ತಾಸು ಕೂತೆ. ಪ್ಲಾನ್ ಹಾಕಿ ಗೆರೆ ಎಳೆದು ಕೊಟ್ಟ ಕಾಲೋನಿ, ಮನೆ ಪಾಲಾಗ್ತಾ ಆಗ್ತಾ ಇಪ್ಪತ್ತು ವರ್ಷದಲ್ಲಿ ಬೇರೆನೇ ಊರಾಗ್ತದೆ, ಗೆರೆ ಎಳೆದವರಿಗೆ ಅದು ಕಾಣೂದೇ ಇಲ್ಲ. ಇದು ಪ್ರಶ್ನೆ. ಆರು ತಿಂಗಳು ಎರಡು ಸಾಲಲ್ಲಿ ಹೇಳೂಕೆ ಬರ್ದೆ ಒದ್ದಾಡಿದ್ದು.

ಮತ್ತೊಂದು ಇಲ್ಲೇ ಹೇಳ್ಬೇಕು, ಅಕ್ಕ ಇಷ್ಟೆಲ್ಲ ಹೇಳಿದಳು, ಆದ್ರೆ ಯಾರ ಹೆಸರೂ ಹೇಳ್ಲಿಲ್ಲ, ಯಾರ ಕಾಗದನೂ ತೋರ್ಸ್ಲಿಲ್ಲ. ನಾನು ನಾಚಿಕೆ ಬಿಟ್ಟು ಒಂದು ನಮೂನೆ ನೋಡ್ಬಹುದಾ ಅಂತ ಕೇಳಿದ್ದೆ, "ಖಾಲಿ ಫಾರ್ಮ್ ಕೊಡ್ತೆ, ತುಂಬಿದ್ದು ಕೊಡೂದಿಲ್ಲ" ಅಂದ್ಲು. ನನ್ನ ಪಾಸ್‌ಪೋರ್ಟ್ ಸ್ಕ್ಯಾನನ್ನೂ ಕೆಲಸ ಆದ ಮೇಲೆ ನನ್ನ ಎದುರೇ ಡಿಲೀಟ್ ಮಾಡಿ ರೀಸೈಕಲ್ ಬಿನ್ನೂ ಖಾಲಿ ಮಾಡಿದಳು. ಕನ್ಸಲ್ಟೆನ್ಸಿಯವರು ಅದೇ ಪಾಸ್‌ಪೋರ್ಟನ್ನ ನಲವತ್ತು ಜನರ ವಾಟ್ಸಾಪ್ ಗ್ರೂಪಿಗೆ ಹಾಕಿ "ಸಾರಿ ಡಿಯರ್" ಅಂದಿದ್ರು.

ಅರ್ಜಿ ಹಾಕೂಕೆ ಹೊರಟವರಿಗೆ ಒಂದೆರಡು ಮಾತು. ನಮ್ಮ ದೇಶದಲ್ಲೇ ಆದ್ರೆ ದೆಹಲಿ, ಭೋಪಾಲ್, ವಿಜಯವಾಡದ ಎಸ್‌ಪಿಎ (ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್), ಖರಗ್‌ಪುರ, ರೂರ್ಕಿ ಐಐಟಿ, ಅಹ್ಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯ, ಇವೆಲ್ಲ ಕಡೆ ಪ್ಲಾನಿಂಗ್ ಪಿಎಚ್‌ಡಿ ಇದೆ. ಯುಜಿಸಿಯ 2022ರ ನಿಯಮ ಪ್ರಕಾರ ಮಾಸ್ಟರ್ಸಲ್ಲಿ 55 ಪರ್ಸೆಂಟ್ ಬೇಕು, ಮೀಸಲಾತಿ ಇದ್ದವರಿಗೆ 5 ಪರ್ಸೆಂಟ್ ಸಡಿಲ. ಕನಿಷ್ಠ 3 ವರ್ಷ, ಗರಿಷ್ಠ 6, ಶುರುವಿಗೆ ಕೋರ್ಸ್‌ವರ್ಕ್. ಜೆಆರ್‌ಎಫ್ ಅನ್ನೋ ಫೆಲೋಶಿಪ್ ಇದ್ರೆ ಮೊದಲ ಎರಡು ವರ್ಷ ತಿಂಗಳಿಗೆ 37 ಸಾವಿರ, ಆಮೇಲೆ 42 ಸಾವಿರ, ಅಮ್ಮನ್ನ ಒಪ್ಪಿಸೂಕೆ ನಾನು ಇದನ್ನೇ ಮೊದಲು ಹೇಳಿದ್ದು. ಇಂಗ್ಲೆಂಡ್ ಕಡೆ ಆದ್ರೆ ಪ್ರಪೋಸಲ್ಲೇ ಎಲ್ಲಾ, ಅರ್ಜಿಗೂ ಮೊದಲೇ ಗೈಡಿಗೆ ಇಮೇಲ್ ಮಾಡಿ ಅವರು ಹೂಂ ಅನ್ನಬೇಕು. ಅಮೆರಿಕದಲ್ಲಿ ಕಮಿಟಿ ಕೂತು ಆರಿಸ್ತದೆ, ಎಸ್‌ಒಪಿ, ಮೂರು ಶಿಫಾರಸು ಪತ್ರ, ಬರಹದ ಸ್ಯಾಂಪಲ್, ಕೊನೇ ದಿನ ಹೆಚ್ಚಾಗಿ ಡಿಸೆಂಬರ್ ಆಸುಪಾಸು. ಅರ್ಜಿ ಫೀ ಡಾಲರಲ್ಲಿ, ಆದ್ರೆ ವಿಭಾಗಕ್ಕೆ ಬರೆದು ಕೇಳಿದ್ರೆ ಕೆಲವು ಕಡೆ ಮಾಫಿ ಮಾಡ್ತಾರೆ. ನಂಗೆ ಒಂದು ಕಡೆ ಮಾಡಿದ್ರು, ಕನ್ಸಲ್ಟೆನ್ಸಿಯವರು ಇದನ್ನ ಬಾಯೇ ಬಿಟ್ಟಿರ್ಲಿಲ್ಲ.

ಈಗ ಕೊನೇ ದಿನದ ಕತೆ, ನಾಲ್ಕೂವರೆ ಸ್ಟಾರ್ ನಿಜವಾಗಿ ಬಂದಿದ್ದು ಅಲ್ಲಿ. ಅಮೆರಿಕದ ಪೂರ್ವ ಕರಾವಳಿ ಟೈಮಿನ ರಾತ್ರಿ 11:59 ಅಂದ್ರೆ ಡಿಸೆಂಬರಲ್ಲಿ ನಮ್ಗೆ ಮರುದಿನ ಬೆಳಿಗ್ಗೆ 10:29. ಇನ್ನೂ ಒಂದು ರಾತ್ರಿ ಇದೆ ಅಂತ ನಾನು ಹಾಯಾಗಿದ್ದೆ, ರಾತ್ರಿ ಅಂಕೋಲಾದಲ್ಲಿ ನಮ್ಮನೆ ನೆಟ್ ಸತ್ತು ಹೋಯ್ತು, ಮೊಬೈಲಲ್ಲಿ ಪೋರ್ಟಲ್ ತೆಗೆದ್ರೆ ಫೈಲ್ ಅಪ್‌ಲೋಡ್ ಆಗೂದಿಲ್ಲ. ಬೆಳಿಗ್ಗೆ ಏಳೂವರೆ ಬಸ್ಸಿಗೆ ಹತ್ತಿದೆ, ಬಿಣಗಾ ಸುರಂಗದಲ್ಲಿ ಬಸ್ಸು ಹೋಗುವಾಗ ಎದೆ ಡವಡವ. ಅಂಗಡಿ ಒಂಬತ್ತಕ್ಕೆ ತೆಗೀತದೆ ಅಂತ ಬೋರ್ಡಲ್ಲಿದೆ, ತೆಗೆದಿದ್ದು ಒಂಬತ್ತು ಇಪ್ಪತ್ತಕ್ಕೆ (ಅರ್ಧ ಸ್ಟಾರ್ ಹೋಗಿದ್ದು ಇಲ್ಲೇ). ಟ್ರಾನ್ಸ್‌ಕ್ರಿಪ್ಟ್ ಫೈಲ್ 14 ಎಂಬಿ, ಪೋರ್ಟಲ್ ತಗೊಳ್ಳೂದು 5. ಅಕ್ಕ ಒಂದು ಮಾತಾಡ್ಲಿಲ್ಲ, ಕಲರ್ ತೆಗೆದು ಗ್ರೇ ಮಾಡಿ 150 ಡಿಪಿಐಲಿ ಮತ್ತೆ ಸ್ಕ್ಯಾನ್ ಮಾಡಿದಳು, 3 ಎಂಬಿ ಆಯ್ತು, ಅಕ್ಷರ ಸ್ಪಷ್ಟ. 10:05ಕ್ಕೆ ಅಂಗಡಿ ನೆಟ್ಟೂ ಹೋಯ್ತು. ಹಿಂದೆ ನಿಂತ ಅಜ್ಜ ಒಬ್ಬರು ಪೆನ್ಶನ್ ಕಾಗದ ಹಿಡ್ಕೊಂಡು "ಎಷ್ಟೊತ್ತು ಬಾಯಿ" ಅಂತ ಗೊಣಗ್ತಾ ಇದ್ರು, ಅಕ್ಕ ಅವರಿಗೆ "ಇವ್ರದ್ದು ಅಮೆರಿಕದ ಗಾಡಿ ಹೊರಡ್ತದೆ ಅಜ್ಜಾ, ಹತ್ತು ನಿಮಿಷ" ಅಂತ ಹೇಳಿ ತನ್ನ ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟಳು. 10:21ಕ್ಕೆ ಸಬ್‌ಮಿಟ್. ಅಜ್ಜ ಕೂಡ ಬಗ್ಗಿ ಸ್ಕ್ರೀನ್ ನೋಡಿದ್ರು.

ಶಿಫಾರಸು ಪತ್ರ ಒಂದು ಇನ್ನೂ ಬಂದಿರ್ಲಿಲ್ಲ, ಪತ್ರ ಹಾಕೋ ಲಿಂಕ್ ಸ್ಪ್ಯಾಮಿಗೆ ಹೋಗಿತ್ತು, ಸರ್ ಆ ಫೋಲ್ಡರ್ ನೋಡಿರ್ಲಿಲ್ಲ. ಅದಕ್ಕೆ ಎರಡು ದಿನ ಬಿಡ್ತೇವೆ ಅಂತ ವಿಭಾಗದವರ ಇಮೇಲ್ ಮೊದ್ಲೇ ತಗೊಂಡಿದ್ದೆ, ಬಚಾವ್. ನೀವು ಆ ಲಿಂಕ್ ಕಳಿಸಿದ ದಿನವೇ ಸರ್‌ಗೆ ಫೋನ್ ಮಾಡಿ ಸ್ಪ್ಯಾಮ್ ನೋಡ್ಸಿ.

ರೇಟು: ಝೆರಾಕ್ಸ್ ಬದಿಗೆ 2 ರೂಪಾಯಿ, ಸ್ಕ್ಯಾನ್ ಪುಟಕ್ಕೆ 10, ಸ್ಪೈರಲ್ 40. ಆ ದಿನದ ಒಟ್ಟು ಬಿಲ್ಲು 190. ಹಾಟ್‌ಸ್ಪಾಟಿಗೆ ಅಂತ ಐವತ್ತು ಹೆಚ್ಚು ಕೊಟ್ರೆ ಮಾಲಕರು ವಾಪಸ್ ಕೊಟ್ರು, ಆದ್ರೆ ಚಿಲ್ಲರೆ ಇಲ್ಲ ಅಂತ ಒಂದು ಪೆನ್ನು ಸೇರಿಸಿ, ಆ ಪೆನ್ನು ಬರೀಲಿಲ್ಲ.

ದೂರೂ ಇದೆ. ಇಂಗ್ಲಿಷ್ ಟೈಪಿಂಗ್ ಅವರ ಕೈಲಿ ಕೊಡ್ಬೇಡಿ. ದೇಶದೊಳಗಿನ ಒಂದು ಅರ್ಜಿಗೆ ಪ್ರಪೋಸಲ್ ಮುಖಪುಟ ಮಾಡ್ಸಿದ್ದೆ, "ಅರ್ಬನ್ ಪ್ಲಾನಿಂಗ್" ಹೋಗಿ "ಅರ್ಬನ್ ಪ್ಲಾಂಟಿಂಗ್" ಆಗಿತ್ತು, ನಾನೂ ನೋಡ್ದೆ ಬೈಂಡ್ ಮಾಡ್ಸಿ ತಗೊಂಡು ಹೋದೆ. ಇಂಟರ್‌ವ್ಯೂಲಿ ಒಬ್ಬರು ಅದನ್ನ ಎತ್ತಿ ಹಿಡಿದು "ಗಿಡ ನೆಡೋ ಯೋಜನೆನಾ?" ಅಂತ ಕೇಳಿದ್ರು, ಎಲ್ಲಾ ನಕ್ಕರು, ನಾನೂ ನಕ್ಕೆ. ಆಮೇಲೆ ಎಷ್ಟು ಮನೆ ಸರ್ವೆ ಮಾಡ್ತೀರಿ ಅಂದ್ರು, ಇನ್ನೂರು ಅಂದೆ, "ಮೂವತ್ತು ಮನೆ ಮಾಡಿ, ಆದ್ರೆ ಪ್ರತಿ ಮನೆ ಕಾಗದ ಮೂರು ತಲೆಮಾರು ಓದಿ" ಅಂದ್ರು. ಆ ಒಂದು ಮಾತು ಸಿಕ್ತಲ್ಲ, ಅದಕ್ಕೆ ಆ ಟ್ರೇನ್ ಚಾರ್ಜು ದಂಡ ಅನ್ನಿಸ್ಲಿಲ್ಲ.

ಇಲ್ಲೀವರೆಗೆ ಹೊರದೇಶದ ಮೂರರಲ್ಲಿ ಎರಡು ಇಲ್ಲ ಅಂತ ಬಂದಿದೆ, ಒಂದು ವೇಟಿಂಗಲ್ಲಿದೆ. ಇಲ್ಲಿನದು ಲಿಸ್ಟ್ ಬಿಟ್ಟಿಲ್ಲ. ಹೋದ ವಾರ ಅಂಗಡಿಗೆ ಹೋದಾಗ ಅಕ್ಕ ಕೇಳಿದಳು, ಹೇಳಿದೆ. "ಹಂಗಾರೆ ಮುಂದಿನ ಡಿಸೆಂಬರಲ್ಲಿ ಹಿಂದಿನ ದಿನವೇ ಬಾ ಮಾರಾಯ್ತಿ" ಅಂದ್ಲು.

ಹೋಗೋರು ಮಧ್ಯಾಹ್ನ ಒಂದೂವರೆಯಿಂದ ಮೂರರ ಒಳಗೆ ಹೋಗ್ಬೇಡಿ, ಶಟರ್ ಅರ್ಧ ಇಳಿದಿರ್ತದೆ. ಸಂತೆ ದಿನ ಗಾಡಿ ನಿಲ್ಸೂಕೆ ಜಾಗ ಇಲ್ಲ. ಪೆನ್‌ಡ್ರೈವ್ ತಗೊಂಡು ಹೋದ್ರೆ ಬರುವಾಗ ವೈರಸ್ ಸ್ಕ್ಯಾನ್ ಮಾಡ್ಕೊಳ್ಳಿ, ಫೈಲ್ ಇಮೇಲ್ ಮಾಡೂದೇ ಒಳ್ಳೇದು.